ಮನೆಯೊಳಗೆ ಬೆಕ್ಕಿಗೆ ಹುಲ್ಲು: ಕಾಸರಗೋಡಿನ ತೇವದಲ್ಲೂ ಬೂಷ್ಟು ಹಿಡಿಯದ ಹಾಗೆ ಬೆಳೆಸುವ ಕ್ರಮ

ಬೆಕ್ಕಿಗೆ ಹುಲ್ಲು ಬೆಳೆಸುವುದಕ್ಕೆ ಹೆಚ್ಚೇನೂ ಬೇಡ. ಒಂದು ಹಿಡಿ ಗೋಧಿ, ಒಂದು ಚಟ್ಟಿ, ಒಂದು ಕಿಟಕಿ ಇದ್ದರೆ ಆಯಿತು. ಆದರೆ ಒಣ ಹವೆಯ ಊರಿನವರು ಹೇಳುವ ಕ್ರಮ ಇದೆಯಲ್ಲ, ದಿನಕ್ಕೆರಡು ಸಲ ನೀರು ಚಿಮುಕಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿಡಿ ಅಂತ, ಅದನ್ನು ನಮ್ಮಲ್ಲಿ ಹಾಗೇ ಮಾಡಿದರೆ ನಾಲ್ಕನೇ ದಿನಕ್ಕೆ ಚಟ್ಟಿಯಿಡೀ ಬೂಷ್ಟು ಹಿಡಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ ಇಲ್ಲಿ. ಮಂಜೇಶ್ವರವೇ ಇರಲಿ, ಬದಿಯಡ್ಕ, ಮುಳ್ಳೇರಿಯಾವೇ ಇರಲಿ, ಗಾಳಿಯಲ್ಲೇ ಬೇಕಾದಷ್ಟು ನೀರಿದೆ. ಹಾಗಾಗಿ ನಮ್ಮ ಕಡೆ ಈ ಕೆಲಸ ಸರಿಯಾಗಬೇಕಾದರೆ ಎರಡೇ ಸಂಗತಿ ಮನಸ್ಸಿನಲ್ಲಿರಲಿ: ನೀರು ಕಡಿಮೆ ಹಾಕಬೇಕು, ಸ್ವಲ್ಪ ಸ್ವಲ್ಪವೇ ಬಿತ್ತುತ್ತಾ ಇರಬೇಕು. ಕೆಳಗೆ ಬರೆದದ್ದೆಲ್ಲ ಇದನ್ನು ಹೇಗೆ ಮಾಡುವುದು ಅಂತಲೇ.

ಬೆಕ್ಕು ಹುಲ್ಲು ತಿನ್ನುವುದು ಯಾಕೆ?

"ಹೊಟ್ಟೆ ಸರಿ ಇಲ್ಲದಾಗ ವಾಂತಿ ಮಾಡಲಿಕ್ಕೆ ತಿನ್ನುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯ ಸಂಶೋಧಕರು ಸಾವಿರಕ್ಕೂ ಹೆಚ್ಚು ಬೆಕ್ಕು ಸಾಕಿದವರನ್ನು ಕೇಳಿ 2019ರಲ್ಲಿ ಒಂದು ವರದಿ ಕೊಟ್ಟರು. ನೂರಕ್ಕೆ 71 ಬೆಕ್ಕುಗಳು ಕನಿಷ್ಠ ಆರು ಸಲ ಹುಲ್ಲನ್ನೋ ಎಲೆಯನ್ನೋ ತಿಂದದ್ದನ್ನು ಸಾಕಿದವರು ನೋಡಿದ್ದರು. ತಿನ್ನುವ ಮೊದಲು ನೂರರಲ್ಲಿ 91 ಬೆಕ್ಕುಗಳು ಆರಾಮಾಗಿಯೇ ಇದ್ದವು. ತಿಂದ ಮೇಲೆ ಆಗಾಗ ವಾಂತಿ ಮಾಡುತ್ತಿದ್ದದ್ದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೆಕ್ಕುಗಳು ಮಾತ್ರ. ಕಾಡಿನಲ್ಲಿದ್ದ ಕಾಲದಿಂದ ಬಂದ ಅಭ್ಯಾಸ ಇದು, ನಾರು ಹೊಟ್ಟೆಗೆ ಹೋದರೆ ಕರುಳು ಚುರುಕಾಗಿ ಹುಳುಗಳು ಹೊರಗೆ ಹೋಗುತ್ತಿದ್ದಿರಬೇಕು ಅನ್ನುವುದು ಆ ಸಂಶೋಧಕರ ಊಹೆ. ಮೈ ನೆಕ್ಕುವಾಗ ನುಂಗಿದ ಕೂದಲು ಹೊರಗೆ ಬರಲಿಕ್ಕೂ ಹುಲ್ಲು ಸಹಾಯ ಮಾಡುತ್ತದೆ ಅನ್ನುವವರಿದ್ದಾರೆ.

ಒಂದಂತೂ ಖಂಡಿತ. ಬೆಕ್ಕು ಮಾಂಸಾಹಾರಿ. ಹುಲ್ಲು ಅದಕ್ಕೆ ಊಟ ಅಲ್ಲ, ಹುಲ್ಲಿನ ನಾರು ಅದಕ್ಕೆ ಜೀರ್ಣವೂ ಆಗುವುದಿಲ್ಲ. ಮೀನೋ ಮಾಂಸವೋ ಸಿಗದೆ ಬರೀ ಹಾಲನ್ನ ತಿನ್ನುವ ಬೆಕ್ಕಿಗೆ ಹುಲ್ಲು ಕೊಟ್ಟು "ಪೋಷಕಾಂಶ ಸಿಕ್ಕಿತು" ಅಂದುಕೊಳ್ಳಬೇಡಿ. ಹುಳುವಿನ ಮದ್ದಿಗೆ ಬದಲಾಗಿಯೂ ಇದು ಆಗುವುದಿಲ್ಲ. ಅದನ್ನು ಡಾಕ್ಟರು ಹೇಳಿದ ಲೆಕ್ಕಕ್ಕೆ ಕೊಡಲೇಬೇಕು. ಒಳಗೇ ಇರುವ ಬೆಕ್ಕಿಗೆ ಜಗಿಯಲಿಕ್ಕೆ ಒಂದು ಹಸಿರು ಸಿಗುತ್ತದೆ, ಮನೆಯ ಉಳಿದ ಗಿಡಗಳಿಗೆ ಬಾಯಿ ಹಾಕುವುದು ಕಡಿಮೆ ಆಗುತ್ತದೆ. ಇಷ್ಟೇ ಸಾಕಲ್ವಾ?

ಅಂಗಳದ ಹುಲ್ಲೇ ಇದೆಯಲ್ಲ, ಮತ್ತೆ ಇದು ಯಾಕೆ?

ನಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೇನಿಲ್ಲ. ಗರಿಕೆ ಬೆಕ್ಕಿಗೆ ಬಹಳ ಇಷ್ಟ, ಅದರಿಂದ ತೊಂದರೆಯೂ ಇಲ್ಲ. ನಿಮ್ಮ ಅಂಗಳದಲ್ಲಿ ಏನೂ ಸಿಂಪಡಿಸುವುದಿಲ್ಲ ಅಂತ ನಿಮಗೆ ಗಟ್ಟಿ ಗೊತ್ತಿದ್ದರೆ ತಿನ್ನಲಿ ಬಿಡಿ.

ಆದರೆ ಅಡಿಕೆ ತೋಟದ ಹುಲ್ಲು ಬೇಡವೇ ಬೇಡ. ಮಳೆ ಶುರುವಾಗುವ ಮೊದಲೊಮ್ಮೆ, ಆಮೇಲೆ ಸುಮಾರು 40-45 ದಿನಕ್ಕೊಮ್ಮೆ, ಕೊಳೆರೋಗಕ್ಕೆ ಬೋರ್ಡೋ ಬಿಡುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಹೊಡೆದ ಮದ್ದಿನಲ್ಲಿ ಎಷ್ಟೋ ಪಾಲು ಕೆಳಗಿನ ಹುಲ್ಲಿನ ಮೇಲೇ ಬೀಳುತ್ತದೆ, ನೀಲಿ ಚುಕ್ಕೆ ಒಣಗಿ ನಿಂತಿರುವುದನ್ನು ನೋಡಿಯೇ ಇರುತ್ತೀರಿ. ಮೈಲುತುತ್ತಿನಲ್ಲಿರುವ ತಾಮ್ರ ಬೆಕ್ಕಿನ ಹೊಟ್ಟೆಗೆ ಒಳ್ಳೆಯದಲ್ಲ. ರಸ್ತೆ ಬದಿಯಲ್ಲಿ, ಕಾಂಪೌಂಡಿನ ಬುಡದಲ್ಲಿ ಕಳೆನಾಶಕ ಹೊಡೆಯುವುದೂ ಈಗ ಜಾಸ್ತಿ. ಹೊಡೆದ ಮೊದಲ ಎರಡು ದಿನ ಹುಲ್ಲು ಹಸಿರಾಗಿಯೇ ಇರುತ್ತದೆ, ನೋಡಿದರೆ ಗೊತ್ತೇ ಆಗುವುದಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸುವವರೆಗೆ ಎಣ್ಮಕಜೆಯಂಥ ಊರುಗಳು ಏನೇನು ಅನುಭವಿಸಿದವು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಂಪಡಿಸಿದ ವಿಷ ಎಲೆಯ ಮೇಲೆ ಕೂತರೆ ಕಣ್ಣಿಗೆ ಕಾಣುವುದಿಲ್ಲ. ಆ ಎಚ್ಚರ ಸಾಕುಪ್ರಾಣಿಯ ಬಾಯಿಗೆ ಹೋಗುವ ಹುಲ್ಲಿನಲ್ಲೂ ಇರಲಿ.

ಇನ್ನು ಫ್ಲ್ಯಾಟಿನಲ್ಲಿರುವವರು, ಹೆದ್ದಾರಿ ಬದಿಯ ಮನೆಯವರು ಬೆಕ್ಕನ್ನು ಹೊರಗೆ ಬಿಡದೇ ಇರುವುದೇ ಒಳ್ಳೆಯದು. ಅಂಥವರಿಗೆ ಚಟ್ಟಿಯ ಹುಲ್ಲೇ ದಾರಿ.

ಯಾವ ಬೀಜ?

ಗೋಧಿ. ಇಷ್ಟೇ ಹೇಳಿ ಮುಂದೆ ಹೋಗಬಹುದಿತ್ತು. ಆದರೆ ಬೀಜದಲ್ಲೇ ಅರ್ಧ ಕೆಲಸ ಕೆಡುವುದರಿಂದ ಸ್ವಲ್ಪ ವಿವರ ಬೇಕು.

ಮಿಲ್ಲಿಗೆ ಕೊಟ್ಟು ಹುಡಿ ಮಾಡಿಸುವ ಇಡೀ ಗೋಧಿ ಜಿನಸಿನ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ ಸಾಕು. ಆನ್‌ಲೈನಿನಲ್ಲಿ "ಕ್ಯಾಟ್ ಗ್ರಾಸ್" ಅಂತ ಚಂದದ ಪ್ಯಾಕೆಟಿನಲ್ಲಿ ಬರುವುದರಲ್ಲೂ ಹೆಚ್ಚಾಗಿ ಗೋಧಿ, ಬಾರ್ಲಿ, ಓಟ್ಸಿನ ಬೀಜವೇ ಇರುತ್ತದೆ. ನುಚ್ಚುಗೋಧಿ ಮೊಳೆಯುವುದಿಲ್ಲ. ಅಂಗಡಿಯ ಬಿಳಿ ಬಾರ್ಲಿಯ ಸಿಪ್ಪೆ, ಮೊಳಕೆಯ ತುದಿ ಎಲ್ಲ ತಿಕ್ಕಿ ಹೋಗಿರುತ್ತದೆ, ಅದೂ ಆಗುವುದಿಲ್ಲ. ಗಂಜಿ ಮಾಡುವ ಚಪ್ಪಟೆ ಓಟ್ಸು ಬೇಯಿಸಿ ಒತ್ತಿದ್ದು, ಅದರ ಮಾತೇ ಬೇಡ. ಭತ್ತ ಚೆನ್ನಾಗಿ ಮೊಳೆಯುತ್ತದೆ. ಆದರೆ ಅದರ ಎಲೆಯ ಅಂಚು ಬೇಗ ಒರಟಾಗುತ್ತದೆ, ಬೆಕ್ಕುಗಳಿಗೆ ಅಷ್ಟು ಸೇರುವುದಿಲ್ಲ. ಗೋಧಿ ಎಲೆ ಅಗಲ, ಮೆತ್ತಗೆ, ಸ್ವಲ್ಪ ಸಿಹಿ.

ಬಿತ್ತನೆಗೆಂದೇ ಮಾರುವ ಬೀಜ ತರಬೇಡಿ. ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಹೆಚ್ಚಾಗಿ ಗುಲಾಬಿಯೋ ನೀಲಿಯೋ ಬಣ್ಣ ಬಳಿದಿರುತ್ತಾರೆ. ತೊಳೆದರೂ ಅದು ಬೆಕ್ಕಿಗೆ ಕೊಡುವಂಥದ್ದಲ್ಲ.

ಒಂದು ಕಿಲೋ ತಂದರೆ ವರ್ಷಕ್ಕೂ ಹೆಚ್ಚು ಬರುತ್ತದೆ, ಯಾಕೆಂದರೆ ಒಂದು ಚಟ್ಟಿಗೆ ಬೇಕಾಗುವುದು ಸುಮಾರು 25 ಗ್ರಾಂ ಮಾತ್ರ. ಆದರೆ ನಮ್ಮ ಹವೆಗೆ ಅಷ್ಟು ದಿನ ಇಟ್ಟರೆ ಹುಳ ಆಗುತ್ತದೆ, ಮೊಳೆಯುವ ಶಕ್ತಿಯೂ ಹೋಗುತ್ತದೆ. ಕಾಲು ಕಿಲೋ ತನ್ನಿ. ಒಂದು ದಿನ ಬಿಸಿಲಿಗೆ ಹಾಕಿ, ಪೂರ್ತಿ ತಣಿದ ಮೇಲೆ ಗಾಳಿಯಾಡದ ಬಾಟಲಿಗೆ ತುಂಬಿಸಿ ಮುಚ್ಚಿ.

ತಂದ ದಿನವೇ ಒಂದು ಪರೀಕ್ಷೆ ಮಾಡಿಬಿಡಿ. 20 ಕಾಳು ಎಣಿಸಿ ಚಂಡಿ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಮೂಲೆಯಲ್ಲಿಡಿ. ಮೂರನೇ ದಿನ ಬಿಚ್ಚಿ ನೋಡಿ. 16ಕ್ಕಿಂತ ಜಾಸ್ತಿ ಮೊಳೆತಿದ್ದರೆ ಒಳ್ಳೆಯ ಬೀಜ. 10-12 ಮಾತ್ರ ಮೊಳೆತರೆ ಆ ಗೋಧಿಯನ್ನು ಚಪಾತಿಗೇ ಬಳಸಿ. ಮೊಳೆಯದ ಕಾಳು ಸುಮ್ನೆ ಇರುವುದಿಲ್ಲ, ಮಣ್ಣಿನಲ್ಲಿ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ. ಬೂಷ್ಟು ಶುರುವಾಗುವುದೇ ಅಲ್ಲಿಂದ.

ಚಟ್ಟಿ ಮತ್ತು ಮಣ್ಣು

ಆರಿಂದ ಎಂಟು ಇಂಚು ಅಗಲ, ಮೂರು ಇಂಚು ಆಳದ ಪಾತ್ರೆ ಸಾಕು. ಇದಕ್ಕಿಂತ ಆಳ ಬೇಡ. ಹುಲ್ಲಿನ ಬೇರು ಅಷ್ಟು ದಿನದಲ್ಲಿ ಅಷ್ಟು ಕೆಳಗೆ ಹೋಗುವುದಿಲ್ಲ, ಅಡಿಯ ಮಣ್ಣು ಸುಮ್ನೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಚಟ್ಟಿ ಎಲ್ಲಕ್ಕಿಂತ ಒಳ್ಳೆಯದು. ಅದರ ಮೈಯಿಂದಲೇ ತೇವ ಆರುತ್ತದೆ, ಭಾರ ಇರುವುದರಿಂದ ಬೆಕ್ಕು ಎಳೆದರೂ ಮಗುಚುವುದಿಲ್ಲ. ಅಡಿಯಲ್ಲಿ ತೂತು ಇರಲೇಬೇಕು. ಮೀನು ಸಾರು ಮಾಡುತ್ತಿದ್ದ ಹಳೆಯ ಚಟ್ಟಿ ಬಿರುಕು ಬಿಟ್ಟು ಮೂಲೆ ಸೇರಿದ್ದರೆ ಉಪಯೋಗಿಸಬಹುದು, ಆದರೆ ಚೆನ್ನಾಗಿ ಕುದಿಸಿ ವಾಸನೆ ತೆಗೆಯಿರಿ. ಇಲ್ಲದಿದ್ದರೆ ಬೆಕ್ಕು ಹುಲ್ಲು ಬಿಟ್ಟು ಚಟ್ಟಿಯನ್ನೇ ನೆಕ್ಕುತ್ತಾ ಕೂರುತ್ತದೆ.

ಅಡಿಕೆ ಹಾಳೆಯ ಬಟ್ಟಲಿನಲ್ಲೂ ಬೆಳೆಸಬಹುದು, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ದಬ್ಬಣದಲ್ಲಿ ಏಳೆಂಟು ತೂತು ಮಾಡಿ ಬಿತ್ತಿ, ಒಂದು ಬೆಳೆ ಆದ ಮೇಲೆ ಬಟ್ಟಲನ್ನೂ ಸೇರಿಸಿ ಗೊಬ್ಬರದ ಗುಂಡಿಗೆ ಹಾಕಿದರೆ ಮುಗಿಯಿತು. ಮಳೆಗಾಲದಲ್ಲಿ ಹಾಳೆಗೇ ಮೊದಲು ಬೂಷ್ಟು ಬರುತ್ತದೆ. ಗೆರಟೆಯಲ್ಲಿ ಬೆಳೆಸಿದರೆ ನೋಡಲು ಚಂದ. ಆದರೆ ತುಂಬ ಸಣ್ಣದು, ಹಗುರ, ಬೆಕ್ಕು ಒಂದೇ ಎಳೆತಕ್ಕೆ ಉರುಳಿಸುತ್ತದೆ.

ಮಣ್ಣಿನ ವಿಷಯ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಒಣಗಿದರೆ ಇಟ್ಟಿಗೆ, ನೆನೆದರೆ ಅಂಟು. ಬರೀ ಅದನ್ನು ಹಾಕಬೇಡಿ. ತೆಂಗಿನ ನಾರಿನ ಹುಡಿ, ಅಂಗಡಿಯಲ್ಲಿ ಕೋಕೋಪೀಟ್ ಅನ್ನುತ್ತಾರೆ, ಇದಕ್ಕೆ ಬಹಳ ಒಳ್ಳೆಯದು. ತೆಂಗಿನ ಊರಿನಲ್ಲಿರುವವರು ಇದನ್ನು ದುಡ್ಡು ಕೊಟ್ಟೇ ತರಬೇಕೆಂದಿಲ್ಲ, ಹಳೆಯ ಸಿಪ್ಪೆ ರಾಶಿಯ ಅಡಿಯಲ್ಲಿ ಉದುರಿ ಬಿದ್ದಿರುತ್ತದೆ. ಆದರೆ ಎರಡಕ್ಕೂ ಒಂದೇ ನಿಯಮ: ಬಕೆಟಿಗೆ ಹಾಕಿ ನೀರು ತುಂಬಿಸಿ, ಹಿಂಡಿ ತೆಗೆದು, ಮತ್ತೆ ನೀರು ತುಂಬಿಸಿ. ಚಹಾದ ಬಣ್ಣದ ನೀರು ಬರುವುದು ನಿಲ್ಲುವವರೆಗೆ ತೊಳೆಯಬೇಕು. ಆ ಕಂದು ಬಣ್ಣದ ಜೊತೆ ಉಪ್ಪಿನ ಅಂಶವೂ ಹೋಗುತ್ತದೆ, ಮೊಳಕೆಗೆ ಎರಡೂ ಆಗುವುದಿಲ್ಲ.

ಬೇಸಿಗೆಯಲ್ಲಿ ಮೂರು ಪಾಲು ನಾರಿನ ಹುಡಿ, ಒಂದು ಪಾಲು ಹೊಯಿಗೆ. ಮಳೆಗಾಲದಲ್ಲಿ ಅರ್ಧಕ್ಕರ್ಧ. ಹೊಯಿಗೆ ಹೊಳೆಯದ್ದೇ ಆಗಲಿ, ಕಡಲ ಬದಿಯದು ಬೇಡ, ಉಪ್ಪು. ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ ಹಾಕಿ. ನಮ್ಮ ಆಟಿ ತಿಂಗಳಿನ ಮಳೆಗೂ ತಡೆಯುವುದು ಈ ಅರ್ಧಕ್ಕರ್ಧದ ಲೆಕ್ಕವೇ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಗೊಬ್ಬರ ಬೇಡ. ಎರಡು ವಾರ ಬೆಳೆಯಲು ಬೇಕಾದದ್ದೆಲ್ಲ ಕಾಳಿನ ಒಳಗೇ ಇದೆ. ಮನಸ್ಸು ತಡೆಯದಿದ್ದರೆ ಒಂದು ಮುಷ್ಟಿ ಹಳೆಯ ಎರೆಗೊಬ್ಬರ ಬೆರೆಸಿ. ಹಸಿ ಸೆಗಣಿ, ಯೂರಿಯಾ, ಕಡಲೆ ಹಿಂಡಿಯ ನೀರು ಯಾವುದೂ ಬೇಡ. ಮೀನು ತೊಳೆದ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಈ ಚಟ್ಟಿಗೆ ಮಾತ್ರ ಹಾಕಬೇಡಿ, ಬೆಕ್ಕು ಬುಡಸಮೇತ ಕೆದಕಿ ಹಾಕುತ್ತದೆ.

ಈಗ ಬಿತ್ತುವುದು

ಸಂಜೆ ಶುರು ಮಾಡಿ. ಎರಡು ದೊಡ್ಡ ಚಮಚ ಗೋಧಿಯನ್ನು ಮೂರ್ನಾಲ್ಕು ಸಲ ತಿಕ್ಕಿ ತೊಳೆಯಿರಿ. ತೇಲುವ ಕಾಳು, ಒಡೆದ ಕಾಳು, ಹೊಟ್ಟು ಎಲ್ಲ ತೆಗೆದುಹಾಕಿ. ಇಲ್ಲಿ ಕೊಟ್ಟ ಐದು ನಿಮಿಷ ಮುಂದೆ ಬಹಳ ಉಪಕಾರ ಮಾಡುತ್ತದೆ. ಆಮೇಲೆ ಬಾವಿ ನೀರಿನಲ್ಲಿ ನೆನೆಹಾಕಿ. ನಳ್ಳಿ ನೀರಾದರೂ ತೊಂದರೆ ಇಲ್ಲ. ರಾತ್ರಿಯಿಡೀ ನೆನೆಯಲಿ, 8ರಿಂದ 10 ಗಂಟೆ. ಏಪ್ರಿಲ್-ಮೇ ಸೆಕೆಯಲ್ಲಿ 6 ಗಂಟೆಯೇ ಸಾಕು, ಅದಕ್ಕಿಂತ ಹೆಚ್ಚಾದರೆ ನೀರು ಹುಳಿ ವಾಸನೆ ಬರುತ್ತದೆ.

ಬೆಳಿಗ್ಗೆ ನೀರು ಬಸಿದು ಮತ್ತೊಮ್ಮೆ ತೊಳೆದು, ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಜಾಲರಿಯ ಮೇಲಿಡಿ. ಹೆಸರು ಕಾಳು ಮೊಳಕೆ ಬರಿಸುವುದು ಎಲ್ಲರಿಗೂ ಗೊತ್ತಲ್ಲ, ಹಾಗೆಯೇ. ಬೆಳಿಗ್ಗೆ-ಸಂಜೆ ಒಮ್ಮೊಮ್ಮೆ ತೊಳೆಯಿರಿ. ಒಂದು ದಿನದಲ್ಲಿ, ತಪ್ಪಿದರೆ ಒಂದೂವರೆ ದಿನದಲ್ಲಿ, ಕಾಳಿನ ತುದಿಯಲ್ಲಿ ಬಿಳಿ ಮೊನೆ ಕಾಣುತ್ತದೆ. ಆಗಲೇ ಬಿತ್ತಬೇಕು. ಮೊಳೆ ಉದ್ದ ಆಗಲಿ ಅಂತ ಕಾದರೆ ಬಿತ್ತುವಾಗ ಮುರಿಯುತ್ತದೆ.

ಚಟ್ಟಿಯ ತೂತಿನ ಮೇಲೆ ಒಂದು ಓಡಿನ ಚೂರು ಅಥವಾ ನಾರಿನ ಉಂಡೆ ಇಡಿ. ಎರಡು ಇಂಚು ಎತ್ತರಕ್ಕೆ ಮಿಶ್ರಣ ತುಂಬಿ. ಮಿಶ್ರಣ ಎಷ್ಟು ಚಂಡಿ ಇರಬೇಕೆಂದರೆ, ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಉಂಡೆ ಆಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಇಳಿದರೆ ಇನ್ನಷ್ಟು ಹಿಂಡಿ. ಕಾಳುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಒಂದೇ ಪದರಕ್ಕೆ ಹರಡಿ, ಕಾಳಿಗೂ ಕಾಳಿಗೂ ನಡುವೆ ಅರ್ಧ ಕಾಳಿನಷ್ಟು ಜಾಗ ಇರಲಿ. ಫೋಟೋಗಳಲ್ಲಿ ಕಾಣುವ ಹಾಗೆ ಒತ್ತೊತ್ತಾಗಿ ತುಂಬಿದರೆ ಬುಡಕ್ಕೆ ಗಾಳಿ ಹೋಗುವುದಿಲ್ಲ. ಒಣ ಹವೆಯಲ್ಲಿ ಅದು ನಡೆಯುತ್ತದೆ, ನಮ್ಮಲ್ಲಿ ನಡೆಯುವುದಿಲ್ಲ. ಮೇಲೆ ಕಾಲು ಇಂಚು ಹೊಯಿಗೆ ಉದುರಿಸಿ ಅಂಗೈಯಲ್ಲಿ ಮೆಲ್ಲಗೆ ಒತ್ತಿ.

ಮೊದಲ ಎರಡು ದಿನ ಕತ್ತಲೆ ಇದ್ದರೆ ಒಳ್ಳೆಯದು. ಒಂದು ತೆಳು ಬೈರಾಸನ್ನೋ ಕಾಗದವನ್ನೋ ಮುಚ್ಚಿ, ಪ್ಲಾಸ್ಟಿಕ್ ಬೇಡ. ನೀರು ಹಾಕಬೇಡಿ. ಒಳಗಿನ ತೇವವೇ ಸಾಕು. ದೇವಸ್ಥಾನಗಳಲ್ಲಿ ಬ್ರಹ್ಮಕಲಶದ ಮೊದಲು ನವಧಾನ್ಯ ಬಿತ್ತಿ ಅಂಕುರ ಬರಿಸುತ್ತಾರಲ್ಲ, ಆ ಕೆಲಸ ನೋಡಿದವರಿಗೆ ಇದೆಲ್ಲ ಹೊಸದಲ್ಲ.

ಎರಡನೆಯ ಅಥವಾ ಮೂರನೆಯ ದಿನ ಹಳದಿ ಮಿಶ್ರಿತ ಬಿಳಿ ಸೂಜಿಗಳು ಹೊಯಿಗೆಯನ್ನು ಎತ್ತಿಕೊಂಡು ಏಳುತ್ತವೆ. ಬಟ್ಟೆ ತೆಗೆದು ಬೆಳಕಿಗೆ ಇಡಿ. ಸಂಜೆಯೊಳಗೆ ತುದಿ ಹಸಿರಾಗಲು ಶುರುವಾಗುತ್ತದೆ. ಎಂಟರಿಂದ ಹತ್ತು ದಿನಕ್ಕೆ ಸುಮಾರು ಅರ್ಧ ಗೇಣು, ಅಂದರೆ 10ರಿಂದ 12 ಸೆಂಟಿಮೀಟರ್ ಆಗುತ್ತದೆ. ಬೆಕ್ಕಿಗೆ ಕೊಡಲು ಅದೇ ಹದ.

ಬಿಳಿ ನೂಲು ಕಂಡರೆ ಹೆದರಬೇಡಿ, ಮೊದಲು ನೋಡಿ

ಹೊಸದಾಗಿ ಬೆಳೆಸುವವರಲ್ಲಿ ಬಹಳ ಮಂದಿ ಒಳ್ಳೆಯ ಹುಲ್ಲನ್ನು ಎಸೆಯುವುದು ಇಲ್ಲೇ. ಮೂರನೇ ದಿನ ಕಾಳಿನ ಸುತ್ತ ಬಿಳಿ ನಯವಾದ ರೋಮ ಕಾಣುತ್ತದೆ. ಅದು ಹೆಚ್ಚಾಗಿ ಬೇರಿನ ರೋಮ. ಗೋಧಿಗೆ ಅದು ಇದ್ದೇ ಇರುತ್ತದೆ, ಮಣ್ಣು ಸ್ವಲ್ಪ ಒಣಗಿದಾಗ ಜಾಸ್ತಿ ಕಾಣುತ್ತದೆ.

ಎರಡನ್ನೂ ಗುರುತಿಸುವುದು ಸುಲಭ. ಕಣ್ಣು ಹತ್ತಿರ ತಂದು ನೋಡಿ. ಬೇರಿನ ರೋಮ ಒಂದೊಂದು ಬೇರಿಗೂ ಬೇರೆಬೇರೆಯಾಗಿ ಅಂಟಿಕೊಂಡಿರುತ್ತದೆ. ಎಲ್ಲ ಬೇರಿನ ಮೇಲೂ ಒಂದೇ ರೀತಿ, ಶುದ್ಧ ಬಿಳಿ, ಸಮನಾದ ಉದ್ದ. ಬೆರಳ ತುದಿಯಿಂದ ಎರಡು ಹನಿ ನೀರು ಬಿಡಿ, ರೋಮ ಬೇರಿಗೆ ಅಂಟಿ ಮಾಯವಾಗುತ್ತದೆ. ಬೂಷ್ಟು ಹಾಗಲ್ಲ. ಅದು ಜೇಡರ ಬಲೆಯ ಹಾಗೆ ಒಂದು ಕಾಳಿನಿಂದ ಇನ್ನೊಂದು ಕಾಳಿಗೆ ಹಬ್ಬಿರುತ್ತದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುತ್ತದೆ, ನೀರು ಬಿದ್ದರೂ ಹೋಗುವುದಿಲ್ಲ, ಒಂದೆರಡು ದಿನದಲ್ಲಿ ಬೂದಿಯೋ ಕಪ್ಪೋ ಹಸಿರೋ ಆಗುತ್ತದೆ. ಮೂಗಿಗೂ ಗೊತ್ತಾಗುತ್ತದೆ: ಒಳ್ಳೆಯ ಚಟ್ಟಿಗೆ ಹಸಿ ಹುಲ್ಲಿನ ವಾಸನೆ, ಬೂಷ್ಟಿನ ಚಟ್ಟಿಗೆ ಮುಗ್ಗಲು ವಾಸನೆ.

ಬೂಷ್ಟು ಒಂದೆರಡು ಕಾಳಿಗೆ ಮಾತ್ರ ಇದ್ದರೆ ಅದನ್ನು ಸುತ್ತಲಿನ ಮಣ್ಣಿನ ಜೊತೆ ಚಮಚದಲ್ಲಿ ಎತ್ತಿ ತೆಗೆದು, ಚಟ್ಟಿಯನ್ನು ಫ್ಯಾನಿನ ಗಾಳಿಗೆ ಇಟ್ಟು, ಎರಡು ದಿನ ನೀರು ನಿಲ್ಲಿಸಿ. ಅಷ್ಟರ ಮೇಲೂ ಹಬ್ಬಿದರೆ ಇಡೀ ಚಟ್ಟಿ ಖಾಲಿ ಮಾಡಿ. ಮೇಲಿನ ಎಲೆ ಹಸಿರಾಗಿದೆ, ಕತ್ತರಿಸಿ ಕೊಡೋಣ ಅನ್ನುವ ಆಸೆ ಬೇಡ. ಕೆಲವು ಬೂಷ್ಟು ಬೆಕ್ಕಿಗೆ ನಿಜವಾಗಿಯೂ ಕಾಯಿಲೆ ತರುತ್ತದೆ. ಬೂಷ್ಟಿಗೆ ಯಾವ ಮದ್ದನ್ನೂ ಸಿಂಪಡಿಸಬೇಡಿ, ಬೇವಿನ ಎಣ್ಣೆಯನ್ನೂ ಬೇಡ. ತಿನ್ನುವ ಎಲೆ ಅದು.

ನೀರು, ಗಾಳಿ, ಬೆಳಕು

ನೀರು ಬೆಳಿಗ್ಗೆ ಮಾತ್ರ. ಸಂಜೆ ಹಾಕಿದ ನೀರು ರಾತ್ರಿಯಿಡೀ ಆರುವುದಿಲ್ಲ. ಮೇಲಿಂದ ಸುರಿಯಬೇಡಿ. ಒಂದು ತಟ್ಟೆಯಲ್ಲಿ ಅರ್ಧ ಇಂಚು ನೀರು ಹಾಕಿ ಚಟ್ಟಿಯನ್ನು ಹತ್ತು ನಿಮಿಷ ಇಟ್ಟರೆ ಅಡಿಯಿಂದಲೇ ಕುಡಿಯುತ್ತದೆ. ಆಮೇಲೆ ಎತ್ತಿ ಬಸಿಯಲು ಬಿಡಿ, ತಟ್ಟೆಯ ನೀರು ಚೆಲ್ಲಿಬಿಡಿ. ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಸಾಕಾಗಬಹುದು, ಏಪ್ರಿಲಿನಲ್ಲಿ ದಿನಾ ಬೇಕಾಗಬಹುದು. ಕ್ಯಾಲೆಂಡರ್ ನೋಡಿ ಹಾಕಬೇಡಿ, ಚಟ್ಟಿ ಎತ್ತಿ ನೋಡಿ. ಹಗುರ ಆಗಿದ್ದರೆ ನೀರು, ಭಾರ ಇದ್ದರೆ ಬೇಡ. ಎರಡು ಸಲ ಎತ್ತಿ ನೋಡಿದರೆ ಕೈಗೆ ಅಂದಾಜು ಬರುತ್ತದೆ.

ಗಾಳಿ ಬಹಳ ಮುಖ್ಯ. ಮಳೆ ಅಂತ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಜನ ಕೂರುವ, ಫ್ಯಾನ್ ತಿರುಗುವ ಚಾವಡಿಯಲ್ಲೇ ಇಡಿ. ಬಚ್ಚಲಿನ ಹತ್ತಿರ, ಪಾತ್ರೆ ತೊಳೆಯುವ ಜಾಗದ ಹತ್ತಿರ ಬೇಡ.

ಬೆಳಕಿಗೆ ಪೂರ್ವದ ಕಿಟಕಿ ಚೆನ್ನ. ಬೆಳಗಿನ ಎರಡು ಮೂರು ಗಂಟೆ ಬಿಸಿಲು ಬಿದ್ದರೆ ಹುಲ್ಲು ಗಿಡ್ಡವಾಗಿ, ಗಟ್ಟಿಯಾಗಿ, ಕಡು ಹಸಿರಾಗಿ ಬೆಳೆಯುತ್ತದೆ. ಸಿಟೌಟಿನ ನೆರಳಿನಲ್ಲೂ ಆಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಟೆರೇಸಿನ ಬಿಸಿಲಿಗೆ ಇಟ್ಟರೆ ತುದಿ ಸುಟ್ಟು ಒಣಗುತ್ತದೆ. ಮಳೆಗಾಲದ ಕತ್ತಲೆ ದಿನಗಳಲ್ಲಿ ಹುಲ್ಲು ಬೆಳಕು ಹುಡುಕಿ ಉದ್ದ ಆಗಿ, ಬಿಳಿಚಿ, ಒಂದೇ ಕಡೆ ಮಲಗುತ್ತದೆ. ಅದಕ್ಕೆ 9 ವಾಟಿನ ಸಾಮಾನ್ಯ ಬಿಳಿ ಎಲ್‌ಇಡಿ ಬಲ್ಬನ್ನು ಒಂದು ಅಡಿ ಮೇಲೆ ತೂಗುಹಾಕಿ ಹಗಲು 12 ಗಂಟೆ ಉರಿಸಿ. ವಿಶೇಷ ಬಲ್ಬು ಏನೂ ಬೇಡ. ವೈರು ಬೆಕ್ಕಿನ ಬಾಯಿಗೆ ಸಿಗದಂತೆ ಕಟ್ಟಿ.

ಬೆಕ್ಕಿಗೆ ಕೊಡುವುದು

ಮೊದಲ ಸಲ ಚಟ್ಟಿಯನ್ನೇ ಮುಂದಿಡುವ ಬದಲು ಐದಾರು ಎಲೆ ಕತ್ತರಿಸಿ ಕೈಯಲ್ಲಿ ಹಿಡಿದು ತೋರಿಸಿ. ಕೆಲವು ಬೆಕ್ಕು ಹುಚ್ಚು ಹಿಡಿದ ಹಾಗೆ ತಿನ್ನುತ್ತದೆ. ಕೆಲವು ಮೂಸಿ ಹೋಗುತ್ತದೆ, ಒಂದು ವಾರ ಬಿಟ್ಟು ತಾನಾಗಿ ಬರುತ್ತದೆ. ಬಲವಂತ ಬೇಡ. ಆಮೇಲೆ ದಿನಕ್ಕೆ ಹತ್ತು ಹದಿನೈದು ನಿಮಿಷ ಚಟ್ಟಿ ಇಟ್ಟು ಮತ್ತೆ ಎತ್ತಿಡಿ. ದಿನವಿಡೀ ಬಿಟ್ಟರೆ ಸಣ್ಣ ಬೆಕ್ಕುಗಳು ಹೊಟ್ಟೆ ತುಂಬ ತಿಂದು ಕಕ್ಕುತ್ತವೆ, ದೊಡ್ಡವು ಅದರ ಮೇಲೇ ಮಲಗುತ್ತವೆ.

15 ಸೆಂಟಿಮೀಟರ್ ದಾಟಿದರೆ ಕತ್ತರಿಯಿಂದ ಕತ್ತರಿಸಿ. ಉದ್ದ ಎಲೆ ಜಗಿಯದೆ ನುಂಗಿ ಗಂಟಲ ಮೇಲೆ, ಮೂಗಿನ ಹಿಂದೆ ಸಿಕ್ಕಿಕೊಳ್ಳುವುದುಂಟು. ಒಮ್ಮೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಎರಡನೇ ಸಲ ಸ್ವಲ್ಪ ಒರಟು, ಮೂರನೇ ಸಲಕ್ಕೆ ಕಾಯಬೇಡಿ. ಬಿತ್ತಿ ಮೂರು ವಾರ ಆದ ಚಟ್ಟಿಯ ಆಯುಷ್ಯ ಮುಗಿಯಿತು. ಹಾಗಾಗಿ ಹತ್ತು ದಿನಕ್ಕೊಂದು ಚಟ್ಟಿ ಬಿತ್ತುತ್ತಾ ಇದ್ದರೆ ಒಂದು ತಿನ್ನುವ ಹದಕ್ಕೆ, ಒಂದು ಮೊಳೆಯುವ ಹದಕ್ಕೆ ಯಾವಾಗಲೂ ಇರುತ್ತದೆ. ದೊಡ್ಡ ಟ್ರೇಯಲ್ಲಿ ಒಂದೇ ಸಲ ಬಿತ್ತುವುದಕ್ಕಿಂತ ಇದು ಎಷ್ಟೋ ಮೇಲು.

ಬುಡಸಮೇತ ಕಿತ್ತು ಹಾಕುವ ಬೆಕ್ಕಿದ್ದರೆ ಚಟ್ಟಿಯ ಬಾಯಿಗೆ ಅರ್ಧ ಇಂಚು ಕಣ್ಣಿನ ಜಾಲರಿ ಬಿಗಿಯಾಗಿ ಕಟ್ಟಿ, ಎಲೆ ಅದರೊಳಗಿಂದ ಮೇಲೆ ಬರಲಿ. ಚಟ್ಟಿಯನ್ನೇ ಕಕ್ಕಸು ಮಾಡಿಕೊಳ್ಳುವ ಬೆಕ್ಕಿಗೂ ಇದೇ ಮದ್ದು, ಜೊತೆಗೆ ಅದರ ಲಿಟರ್ ಟ್ರೇ ಚೊಕ್ಕ ಇದೆಯಾ ನೋಡಿ.

ತಿಂದು ಒಮ್ಮೊಮ್ಮೆ ಹುಲ್ಲು, ಕೂದಲು, ನೊರೆ ಕಕ್ಕಿದರೆ ಗಾಬರಿ ಬೇಡ. ಆದರೆ ಒಂದೇ ದಿನ ಹಲವು ಸಲ ವಾಂತಿ, ವಾಂತಿಯಲ್ಲಿ ರಕ್ತ, ಒಂದು ದಿನ ಪೂರ್ತಿ ಊಟ ಬಿಟ್ಟಿರುವುದು, ಹೊಟ್ಟೆ ಉಬ್ಬರ, ಎಡೆಬಿಡದೆ ಸೀನುತ್ತಾ ಮೂಗನ್ನು ಕಾಲಿನಿಂದ ಉಜ್ಜುವುದು, ಇವು ಕಂಡರೆ ಹುಲ್ಲು ನಿಲ್ಲಿಸಿ ಪಶುವೈದ್ಯರ ಹತ್ತಿರ ಹೋಗಿ. ಮೂಗಿನಿಂದಲೋ ಗುದದಿಂದಲೋ ಹುಲ್ಲಿನ ತುದಿ ಇಣುಕುತ್ತಿದ್ದರೆ ಜೋರಾಗಿ ಎಳೆಯಬೇಡಿ.

ಇರುವೆ, ನೊಣ, ಇತರ ಗಿಡಗಳು

ಬಿತ್ತಿದ ಮೊದಲ ಎರಡು ದಿನ ಇರುವೆ ಕಾಳು ಹೊತ್ತುಕೊಂಡು ಹೋಗುತ್ತದೆ. ಒಂದು ಅಗಲ ತಟ್ಟೆಯಲ್ಲಿ ನೀರು ಹಾಕಿ ನಡುವೆ ಗೆರಟೆ ಮಗುಚಿಟ್ಟು ಅದರ ಮೇಲೆ ಚಟ್ಟಿ ಇಡಿ, ಸಾಕು. ಇರುವೆ ಚಾಕಿನಿಂದ ಗೆರೆ ಎಳೆಯಬೇಡಿ. ಅದರಲ್ಲಿರುವ ಪೈರೆಥ್ರಾಯ್ಡ್ ಜಾತಿಯ ವಿಷವನ್ನು ಬೆಕ್ಕಿನ ದೇಹಕ್ಕೆ ಕರಗಿಸಲು ಆಗುವುದಿಲ್ಲ. ಕಾಲಿಗೆ ಹತ್ತಿದ್ದನ್ನು ನೆಕ್ಕಿದರೂ ಅಪಾಯ. ಹಾಗೆಯೇ ಚಟ್ಟಿಯನ್ನು ಫಿನಾಯಿಲಿನಿಂದ ತೊಳೆಯಬೇಡಿ, ಅದೂ ಬೆಕ್ಕಿಗೆ ವಿಷ. ಸೋಪು, ಬಿಸಿನೀರು, ಒಂದು ದಿನದ ಬಿಸಿಲು ಸಾಕು. ಸಣ್ಣ ಕಪ್ಪು ನೊಣ ಹಾರಾಡಿದರೆ ಮಣ್ಣು ಹೆಚ್ಚು ಚಂಡಿ ಇದೆ ಅಂತ ಅರ್ಥ, ನೀರು ಕಡಿಮೆ ಮಾಡಿ.

ಬೇಲಿಯಲ್ಲಿ ಬೆಳೆಯುವ ಕುಪ್ಪಿ ಗಿಡದ ಬೇರು ಕಿತ್ತರೆ ಬೆಕ್ಕು ಬಂದು ಹೊರಳಾಡುವುದನ್ನು ಕೆಲವರು ನೋಡಿರಬಹುದು. ವಾಸನೆಗೆ ಮರುಳಾಗುವುದು ಅದು, ಹುಲ್ಲಿನ ಬದಲು ಅದನ್ನು ತಿನ್ನಲು ಕೊಡಬೇಡಿ. ಮಜ್ಜಿಗೆ ಹುಲ್ಲೂ ಬೇಡ, ಅದರ ಎಣ್ಣೆ ಬೆಕ್ಕಿನ ಹೊಟ್ಟೆ ಕೆಡಿಸುತ್ತದೆ.

ಹುಲ್ಲು ಇಟ್ಟಿದ್ದೇವೆ, ಇನ್ನು ಬೇರೆ ಗಿಡ ಮುಟ್ಟುವುದಿಲ್ಲ ಅಂತ ನಂಬಿ ಕೂರಬೇಡಿ. ಲಿಲ್ಲಿ ಜಾತಿಯ ಹೂ ಮನೆಯೊಳಗೆ ಇರಲೇಬಾರದು. ಅದರ ಪರಾಗ ಮೈಗೆ ಹತ್ತಿ ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ. ಅಂಗಳದ ಕಣಗಿಲೆ, ಬೇಲಿಯ ಗೌರಿ ಹೂವಿನ ಬಳ್ಳಿ, ಕುಂಡದ ಸೈಕಸ್ ಎಲ್ಲವೂ ವಿಷ. ಮನಿ ಪ್ಲಾಂಟ್, ಡೀಫನ್‌ಬೇಕಿಯಾ ಬಾಯಿ ಸುಡುತ್ತದೆ. ಇವನ್ನೆಲ್ಲ ಬೆಕ್ಕು ಹೋಗದ ಕಡೆ ಇಟ್ಟು ಹುಲ್ಲಿನ ಚಟ್ಟಿಯನ್ನು ಕೊಡುವ ಹೊತ್ತಿಗೆ ಅದಕ್ಕೆ ಸುಲಭವಾಗಿ ಸಿಗುವ ಕಡೆ ಇಡಿ.

ಬೆಳೆ ಮುಗಿದ ಚಟ್ಟಿಯನ್ನು ಮಗುಚಿದರೆ ಬೇರು ಹೆಣೆದ ಒಂದು ಚಾಪೆಯೇ ಹೊರಗೆ ಬರುತ್ತದೆ. ಅದನ್ನು ತೆಂಗಿನ ಬುಡಕ್ಕೆ ಹಾಕಿ, ಆ ನಾರಿನ ಹುಡಿಯನ್ನು ಮತ್ತೆ ಹುಲ್ಲಿಗೆ ಬಳಸಬೇಡಿ. ಬೂಷ್ಟು ಹಿಡಿದದ್ದಾದರೆ ಬೆಕ್ಕು ಕೆದಕದ ಕಡೆ ಒಂದು ಅಡಿ ಆಳಕ್ಕೆ ಹೂಳಿ.